ಮೊಳೆಯನ್ನು ಹಿಡಿದುಕೊಟ್ಟವರು

ಗಿಡ್ಡನ ಫೋಮಿನ ಅಂಗಡಿಗೆ ಬೆಂಕಿ ಬಿದ್ದದ್ದು ಹಾಡಹಗಲಲ್ಲಿ, ಬೀದಿ ತುಂಬ ಜನ ಇರುವಾಗ. ಫೋಮು ಉರಿದರೆ ಏಳುವ ಹೊಗೆ ಕರ್ರಗೆ, ದಪ್ಪಗೆ, ಉಸಿರಾಡಲು ಬಿಡದಂಥದ್ದು. ಜನ ಮೂಗಿಗೆ ಬಟ್ಟೆ ಹಿಡಿದುಕೊಂಡು ಎದುರಿನ ಫುಟ್‌ಪಾತಿಗೆ ಸರಿದು ನಿಂತರೇ ಹೊರತು ಒಬ್ಬರೂ ಒಂದು ಬಕೆಟ್ ನೀರು ಎತ್ತಲಿಲ್ಲ. ನೀರು ಹೊತ್ತು ಓಡಿದವಳು ಅಕ್ಕ ಒಬ್ಬಳೇ. ಅಷ್ಟರಲ್ಲಿ ಗಿಡ್ಡ ಹಿಂದಿನ ಕಿಟಕಿಯಿಂದ ಹಾರಿ ಸುತ್ತಿಕೊಂಡು ಈಚೆ ಬಂದಿದ್ದ. ಹುಬ್ಬು ಸುಟ್ಟಿತ್ತು, ಬಲಗೈಯ ಚರ್ಮ ಸುಲಿದು ನೇತಾಡುತ್ತಿತ್ತು. ಅವನು ಅಕ್ಕನ ಕೈಯಿಂದ ಬಕೆಟ್ ಕಿತ್ತುಕೊಂಡು ಪಕ್ಕಕ್ಕೆಸೆದ.

"ಬೇಡ ಬಿಡಿ ಅಕ್ಕ. ನಿಮಗ್ಯಾಕೆ ಇಲ್ಲದ ಉಸಾಬರಿ. ಮನೇಲಿ ಬೈತಾರೆ," ಎಂದ.

ಮನೆಯಲ್ಲಿ ಬೈದೇಬಿಟ್ಟರು. ಅಮ್ಮ ತಮ್ಮದೇ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು: "ಬಾರೇ ಒಳಗೆ! ಉರೀಲಿ ಬಿಡು. ನನ್ನ ಹೊಟ್ಟೆ ಎಷ್ಟು ಉರಿದಿದೆಯೋ ಅವನದೂ ಅಷ್ಟು ಉರೀಲಿ. ನನ್ನ ಮಗನ್ನ ಹಿಡಿದುಕೊಟ್ಟ ಪಾಪಿ!"

ಅಕ್ಕ ನಿಂತಲ್ಲೇ ನಿಂತಳು. ಅಮ್ಮನ ಮಗನನ್ನು ಹಿಡಿದುಕೊಟ್ಟವನು ಗಿಡ್ಡ ಅಲ್ಲ ಎನ್ನುವುದು ಆ ಬೀದಿಯಲ್ಲಿ ಗಿಡ್ಡನನ್ನು ಬಿಟ್ಟರೆ ಅವಳೊಬ್ಬಳಿಗೆ ಗೊತ್ತಿತ್ತು. ಯಾಕೆಂದರೆ ಹಿಡಿದುಕೊಟ್ಟವಳು ಅವಳೇ.

ಅಕ್ಕ ಎಂದರೆ ಅವಳು ಬೀದಿಗೆಲ್ಲ ಅಕ್ಕ, ವಯಸ್ಸಿನಲ್ಲಿ ದೊಡ್ಡವರಿಗೂ ಅಕ್ಕ. ಮದುವೆಯ ಗೊಡವೆಗೆ ಹೋದವಳಲ್ಲ. ಕೇಳಿದವರಿಗೆ, "ಸೋಫಾ ರಿಪೇರಿ ಮಾಡಿಯೇ ಸಾಕಾಗಿದೆ, ಗಂಡನ್ನ ಬೇರೆ ಯಾರು ರಿಪೇರಿ ಮಾಡ್ತಾರೆ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅಂಗಡಿ ಅಪ್ಪ ಬಿಟ್ಟುಹೋದದ್ದು. ಸೋಫಾ, ಕುರ್ಚಿ, ಬಸ್ಸಿನ ಸೀಟು, ಹರಿದದ್ದೋ ಕುಸಿದದ್ದೋ ಯಾವುದೇ ಬರಲಿ, ಹಳೇ ರೆಗ್ಜಿನ್ ಕಿತ್ತು, ಸ್ಪ್ರಿಂಗು ಬಿಗಿದು, ಹೊಸ ಫೋಮು ತುಂಬಿ, ಮೇಲೆ ಹೊಸ ಹೊದಿಕೆ ಹಾಕಿ ಕೊಡುವುದು ಅವರ ಕಸುಬು. ಹೊದಿಕೆ ಹೊಲಿಯುವುದು ಅಕ್ಕನ ಪಾಲು. ಅದನ್ನು ಎಳೆದು ಬಿಗಿದು ಮೊಳೆ ಹೊಡೆಯುವುದು ತಮ್ಮನ ಪಾಲು. ಆ ಕಸುಬಿನವರು ಸಣ್ಣ ಮೊಳೆಗಳನ್ನು ಬಾಯಿ ತುಂಬ ಹಾಕಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು ಹೊಡೆಯುತ್ತಾರೆ. ಹಾಗೆ ಮಾಡಿದರೆ ಒಂದು ಕೈ ಬಟ್ಟೆ ಎಳೆಯಲು ಬಿಡುವಾಗಿರುತ್ತದೆ. ತಮ್ಮ ಆ ವಿದ್ಯೆಯನ್ನು ಹಾಲುಹಲ್ಲು ಬೀಳುವ ವಯಸ್ಸಿನಲ್ಲೇ ಕಲಿತ. ಅದಕ್ಕೇ ಅವನಿಗೆ ಮೊಳೆ ಎಂದು ಹೆಸರು ಬಿತ್ತು. ಮುಂದೆ ಪತ್ರಿಕೆಯವರು, ಬಾಂಬಿನೊಳಗೆ ಮೊಳೆ ತುಂಬುತ್ತಿದ್ದುದರಿಂದ ಆ ಹೆಸರು ಎಂದು ಬರೆದರು. ತುಂಬುತ್ತಿದ್ದದ್ದು ನಿಜ, ಆದರೆ ಹೆಸರು ಅದಕ್ಕಿಂತ ಹಳೆಯದು.

ಮೊಳೆ ಅಕ್ಕನ ಬೆನ್ನಿಗೆ ಬಿದ್ದವನು. ಅವನನ್ನು ಕಂಕುಳಲ್ಲಿ ಎತ್ತಿಕೊಂಡು ತಿರುಗಿದವಳು ಅವಳು, ಅವನ ಪರವಾಗಿ ಅಪ್ಪನ ಏಟು ತಿಂದವಳು ಅವಳು. ಅವನು ಹೀಗೇಕಾದ ಎಂದು ಕ್ಯಾಮೆರಾ ಹೊತ್ತುಕೊಂಡು ಬಂದವರೆಲ್ಲ ಅವಳನ್ನು ಕೇಳಿದರು. ಹೊಟ್ಟೆಗಿರಲಿಲ್ಲವೇ? ಇತ್ತು, ಎರಡು ಹೊತ್ತೂ ಬಿಸಿಯಾದದ್ದೇ ತಿನ್ನುತ್ತಿದ್ದ. ಯಾರಾದರೂ ಅನ್ಯಾಯ ಮಾಡಿದ್ದರೇ? ಎಲ್ಲರಿಗೆ ಆಗುವಷ್ಟು ಅನ್ಯಾಯ ಅವನಿಗೂ ಆಗಿತ್ತು. ಅಕ್ಕನಿಗೆ ಗೊತ್ತಿದ್ದದ್ದು ಇಷ್ಟು: ಬಾಯಲ್ಲಿ ಮೊಳೆ ಇಲ್ಲದಾಗೆಲ್ಲ ಅವನಿಗೆ ಮಾತಾಡಬೇಕಿತ್ತು, ಮಾತಾಡುವಾಗ ಉಳಿದವರೆಲ್ಲ ಬಾಯಿ ಮುಚ್ಚಿಕೊಂಡು ಕೇಳಬೇಕಿತ್ತು. ಮನೆಯಲ್ಲಿ ಅದಕ್ಕೆ ಸೌಕರ್ಯವಿರಲಿಲ್ಲ. ಅವನು ಲೋಕ ಕೆಟ್ಟಿದೆ ಎಂದು ಶುರು ಮಾಡಿದರೆ ಅಮ್ಮ ಮೊದಲು ಊಟ ಮುಗಿಸು ಎನ್ನುತ್ತಿದ್ದಳು, ಅಕ್ಕ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಕೊನೆಗೆ ಪ್ರಿಂಟಿಂಗ್ ಪ್ರೆಸ್ಸಿನ ಮಹಡಿಯ ಮೇಲೊಂದು ಕೋಣೆಯಲ್ಲಿ, ಕೈಕಟ್ಟಿ ಕೂತು ಕೇಳುವ ಹತ್ತಾರು ಜನ ಸಿಕ್ಕಿದರು.

ಅಲ್ಲಿಗೆ ಮೊದಲು ಅವನ ಜೊತೆ ಹೋದವನು ಗಿಡ್ಡ. ಇಬ್ಬರೂ ಚಡ್ಡಿ ಹಾಕುವ ಕಾಲದ ಗೆಳೆಯರು. ಗಿಡ್ಡ ಎರಡು ಸಲ ಹೋಗಿ ಬಿಟ್ಟುಬಿಟ್ಟ. "ಅಲ್ಲಿ ಎಲ್ಲರಿಗೂ ಯಾರ ಮೇಲೋ ವಿಪರೀತ ಸಿಟ್ಟು ಅಕ್ಕ. ಯಾರ ಮೇಲೆ ಅನ್ನೋದು ಮಾತ್ರ ವಾರ ವಾರ ಬದಲಾಗುತ್ತೆ," ಎಂದು ನಗಾಡಿದ್ದ. ಅಕ್ಕನೂ ನಕ್ಕಳು. ಆಗ ನಗದೆ ಮೊಳೆಗೆ ಎರಡು ಬಾರಿಸಬೇಕಿತ್ತು ಎಂದು ಅವಳಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಮೊದಲನೆಯ ಬಾಂಬು ಒಂದು ಸರ್ಕಾರಿ ಕಚೇರಿಯಲ್ಲಿ, ಜನ ಕಾಯುವ ಬೆಂಚಿನ ಕೆಳಗೆ ಸಿಡಿಯಿತು. ಎರಡನೆಯದು ತರಕಾರಿ ಮಾರುಕಟ್ಟೆಯಲ್ಲಿ. ಆ ಎರಡೂ ದಿನ ಮೊಳೆ ಮನೆಗೆ ಬಂದು, ಕೈ ತೊಳೆದು, ಊಟಕ್ಕೆ ಕೂತು, "ಏನು ಕಾಲ ಬಂತಪ್ಪ" ಎಂದು ಅಮ್ಮ ಅಂದಾಗ ತಲೆಯಾಡಿಸಿದ್ದ. ಮೂರನೆಯದಕ್ಕೆ ಅವನು ದೂರ ಹೋಗಲೇ ಇಲ್ಲ. ಬಸ್ ಕಂಪನಿಯೊಂದರಿಂದ ರಿಪೇರಿಗೆ ಸೀಟುಗಳು ಬಂದಿದ್ದವು. ಅಕ್ಕ ಕಡುಹಸಿರು ರೆಗ್ಜಿನ್‌ಗೆ ಬಿಳಿ ಅಂಚು ಕೊಟ್ಟು ಹೊದಿಕೆ ಹೊಲಿದಳು. "ನೀನು ಹೋಗಿ ಮಲ್ಕೊ ಅಕ್ಕ, ಬೆನ್ನು ನೋಯ್ತಿದೆ ಅಂತಿದ್ದೆಯಲ್ಲ. ಮುಚ್ಚೋದೆಲ್ಲ ನಾನು ಮುಗಿಸ್ತೀನಿ," ಎಂದ ಮೊಳೆ. ಎಂದೂ ಇಲ್ಲದ್ದು ಇವನಿಗೆ ಕೆಲಸದ ಮೇಲೆ ಮನಸ್ಸು ಬಂತಲ್ಲ ಎಂದು ಅವಳಿಗೆ ಹಿಗ್ಗಾಯಿತು. ಅವನಿಗೆ ಚಹಾ ಮಾಡಿಕೊಟ್ಟು ಹೋಗಿ ಮಲಗಿದಳು.

ಆ ಸೀಟು ಬಸ್ಸಿಗೆ ಕೂತು, ಬಸ್ಸು ಸೇತುವೆ ಹತ್ತಿ, ಅಲ್ಲಿ ಸೀಟಿನೊಳಗಿನ ಬಾಂಬು ಸಿಡಿದು ಒಂಬತ್ತು ಜನ ಸತ್ತರು. ಆಸ್ಪತ್ರೆಗೆ ಕೆಲಸಕ್ಕೆ ಹೊರಟ ನರ್ಸುಗಳು, ಕಾಲೇಜಿನ ಮಕ್ಕಳು, ಮೊಮ್ಮಗಳನ್ನು ಶಾಲೆಗೆ ಬಿಡಲು ಹೊರಟ ಒಬ್ಬ ಅಜ್ಜಿ, ಆ ಮೊಮ್ಮಗಳು. ಟೀವಿಯಲ್ಲಿ ರಸ್ತೆಯ ಮೇಲೆ ಬಿದ್ದಿದ್ದ ಹಸಿರು ಚೂರೊಂದನ್ನು ತೋರಿಸಿದರು. ಬಿಳಿ ಅಂಚು ಕಂಡದ್ದೇ ಅಕ್ಕ ಗುರುತು ಹಿಡಿದಳು. ಹೊಲಿದದ್ದು ತಾನು ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಬಚ್ಚಲಿಗೆ ಓಡಿ ಕರುಳು ಕಿತ್ತು ಬರುವ ಹಾಗೆ ವಾಂತಿ ಮಾಡಿಕೊಂಡಳು. ಪೊಲೀಸರು ಸೀಟಿನ ಜಾಡು ಹಿಡಿದು ಅಂಗಡಿಗೆ ಬರುವ ಹೊತ್ತಿಗೆ ಮೊಳೆ ಪರಾರಿಯಾಗಿದ್ದ.

ಆಮೇಲೆ ಎರಡು ವರ್ಷ ಅವನ ಸುಳಿವಿಲ್ಲ. ಪೊಲೀಸರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರು. ಅಮ್ಮ ಮಾತ್ರ, ನನ್ನ ಮಗ ಅಂಥವನಲ್ಲ, ಯಾರೋ ಅವನ ತಲೆ ಕೆಡಿಸಿದರು ಎಂಬ ಒಂದೇ ಹಾಡು ಹಾಡುತ್ತಿದ್ದಳು. ಅತ್ತೂ ಅತ್ತೂ ಕಣ್ಣು ಮಂಜಾಯಿತು ಎಂದು ಅವಳ ನಂಬಿಕೆ. ಡಾಕ್ಟರು ಪೊರೆ ಬಂದಿದೆ, ಆಪರೇಷನ್ ಆಗಬೇಕು ಎಂದರು. ದೂರದ ಊರೊಂದರಲ್ಲಿ ಅದಕ್ಕೆ ಒಳ್ಳೆಯ ಆಸ್ಪತ್ರೆ ಇದೆಯೆಂದು ಅಕ್ಕ ಅವಳನ್ನು ಕರೆದುಕೊಂಡು ಹೋದಳು.

ಅಮ್ಮನನ್ನು ಒಳಗೆ ಕರೆದುಕೊಂಡ ಮೇಲೆ ಅಕ್ಕ ಹೊರಗಿನ ಉದ್ದ ಬೆಂಚಿನಲ್ಲಿ ಕೂತಳು. ಬೆಂಚಿಗೆ ಈಚೆಗೆ ಹೊಸ ರೆಗ್ಜಿನ್ ಹಾಕಿದ್ದರು. ಎಲ್ಲಿ ಕೂತರೂ ಕೆಳಗೆ ಕೈ ಹಾಕಿ ಮೊಳೆಯ ಸಾಲು ತಡವುವುದು ಅವಳ ಚಾಳಿ. ತಡವುತ್ತ ಬೆರಳು ಮೂಲೆಗೆ ಬಂತು, ಅಲ್ಲೇ ನಿಂತಿತು. ರೆಗ್ಜಿನ್‌ನ ಮೂಲೆ ಮಡಿಸುವಾಗ ಅವಳು ಕಂಡ ಕಸುಬಿನವರೆಲ್ಲ ಬಲಕ್ಕೆ ಮಡಿಸುತ್ತಾರೆ. ಅವಳ ಅಪ್ಪ ಎಡಗೈಯವನು, ಎಡಕ್ಕೆ ಮಡಿಸುತ್ತಿದ್ದ, ಇಬ್ಬರು ಮಕ್ಕಳಿಗೂ ಹಾಗೆಯೇ ಕಲಿಸಿದ್ದ. ಅಪ್ಪ ಸತ್ತು ಎಷ್ಟೋ ವರ್ಷವಾಗಿತ್ತು. ಅಕ್ಕ ಎದ್ದು ಇನ್ನೊಂದು ಬೆಂಚಿನ ಕೆಳಗೆ ಕೈ ಹಾಕಿದಳು, ಮತ್ತೊಂದರ ಕೆಳಗೆ ಹಾಕಿದಳು. ಎಲ್ಲ ಎಡಕ್ಕೇ ಮಡಿಸಿದವು.

ನೆಲ ಒರೆಸುತ್ತಿದ್ದ ಹೆಂಗಸನ್ನು, "ಬೆಂಚು ಚೆನ್ನಾಗಿ ಮಾಡಿದ್ದಾರೆ, ಯಾರಮ್ಮ ಮಾಡಿದ್ದು?" ಎಂದು ಕೇಳಿದಳು.

"ಹಿಂದಿನ ಬೀದೀಲಿ ಒಬ್ಬ ಮೂಗ ಇದಾನೆ. ಪಾಪ, ಒಂದು ಮಾತು ಬರಲ್ಲ. ಕೆಲಸ ಮಾತ್ರ ಚಿನ್ನ," ಎಂದಳು ಆ ಹೆಂಗಸು.

ಅಕ್ಕ ಹಿಂದಿನ ಬೀದಿಗೆ ಹೋಗಿ ಹಣ್ಣಿನ ಗಾಡಿಯೊಂದರ ಮರೆಗೆ ನಿಂತಳು. ಎದುರಿಗೆ ತಗಡಿನ ಚಾವಣಿಯ ಸಣ್ಣ ಅಂಗಡಿ. ಗಡ್ಡ ಬಿಟ್ಟು, ತಲೆ ಬೋಳಿಸಿ, ಅರ್ಧ ತೂಕ ಇಳಿದುಹೋಗಿದ್ದ ಮೊಳೆ ನೆಲದ ಮೇಲೆ ಕೂತಿದ್ದ. ಗಿರಾಕಿಯೊಬ್ಬ ಏನೋ ಕೇಳಿದರೆ ಬೆರಳಿನಲ್ಲಿ ಸನ್ನೆ ಮಾಡಿ ಹಲ್ಲು ಬಿಟ್ಟ. ಮಾತಿಗಾಗಿ ಜನರನ್ನು ಕೊಂದವನು ಎರಡು ವರ್ಷದಿಂದ ಬಾಯಿಗೆ ಬೀಗ ಹಾಕಿಕೊಂಡು ಬದುಕಿದ್ದ. ದನಿ ಬಚ್ಚಿಟ್ಟ, ಮುಖ ಬಚ್ಚಿಟ್ಟ, ಕೈಗೆ ಅಂಟಿದ್ದನ್ನು ಬಚ್ಚಿಡಬೇಕೆಂದು ಅವನಿಗೆ ತೋಚಲೇ ಇಲ್ಲ. ಎಷ್ಟು ಬಡವಾಗಿದ್ದಾನೆ, ಸರಿಯಾಗಿ ತಿನ್ನುತ್ತಾನೋ ಇಲ್ಲವೋ. ರಸ್ತೆ ದಾಟಿ ಹೋಗಿ ಕಿವಿ ಹಿಂಡಿ, ಬಾರೋ ಮನೆಗೆ ಎನ್ನಬೇಕು ಎಂದು ಅಕ್ಕನಿಗೆ ಅನ್ನಿಸಿತು. ಒಂದು ಹೆಜ್ಜೆ ಇಟ್ಟಳು ಕೂಡ.

ಆಗ ಅವನು ಹಿಂದಕ್ಕೆ ಬಾಗಿ ಏನನ್ನೋ ಎಳೆದು ತೊಡೆಯ ಮೇಲಿಟ್ಟುಕೊಂಡ. ಬಸ್ಸಿನ ಸೀಟು. ಬಾಯಿಗೆ ಮೊಳೆ ಸುರಿದುಕೊಂಡು, ಸೀಟನ್ನು ಮಗುಚಿ, ಮುಚ್ಚಲು ಶುರು ಮಾಡಿದ. ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ. ಅದರೊಳಗೆ ಏನಿದೆ? ಬರೀ ಫೋಮೇ ಇರಬಹುದು, ಯಾರಿಗೆ ಗೊತ್ತು. ಗೊತ್ತಾಗುವ ತನಕ ಕಾದರೆ ಇನ್ನೊಂದು ಬಸ್ಸು, ಇನ್ನೊಬ್ಬ ಅಜ್ಜಿ, ಇನ್ನೊಬ್ಬ ಮೊಮ್ಮಗಳು. ಅಕ್ಕ ಇಟ್ಟ ಹೆಜ್ಜೆ ಹಿಂದಕ್ಕೆ ತೆಗೆದುಕೊಂಡಳು. ಆಸ್ಪತ್ರೆಯ ಮೂಲೆಯಲ್ಲಿ ನಿಂತು, ಎರಡು ವರ್ಷದಿಂದ ತಮ್ಮ ಮನೆಯ ಬೆನ್ನು ಬಿಡದಿದ್ದ ಅಧಿಕಾರಿಗೆ ಫೋನ್ ಮಾಡಿದಳು. ಅವನು ಸದಾ ನೆಗಡಿಯ ಮನುಷ್ಯ, ಮೂಗು ಸೊರಸೊರ ಎನ್ನಿಸುತ್ತಲೇ ಕೇಳಿಸಿಕೊಂಡ.

"ನಾನು ಹೇಳಿದ್ದು ಅಂತ ಅವನಿಗೆ ಗೊತ್ತಾಗಬಾರದು. ನಮ್ಮಮ್ಮನಿಗಂತೂ ಗೊತ್ತಾಗಲೇಬಾರದು," ಎಂದಳು ಅಕ್ಕ.

"ನನ್ನ ಬಾಯಿಂದ ಈಚೆ ಬರಲ್ಲಮ್ಮ. ಮಾತು ಕೊಟ್ಟೆ," ಎಂದ ಅವನು.

ಸಂಜೆಯೊಳಗೆ ಹಿಡಿದರು. ಅಲ್ಲಿನ ಚಹಾದ ಅಂಗಡಿಯವನು ಟೀವಿಯವರ ಮುಂದೆ ಕಣ್ಣರಳಿಸಿ, "ಎಂಟು ಜನ ಮೇಲೆ ಬಿದ್ರು ನೋಡಿ, ಮೂಗ ಮಾತಾಡೇಬಿಟ್ಟ! ತಳ್ಬೇಡ್ರೋ, ಬರ್ತೀನಿ ಅಂದ!" ಎಂದು ಹೇಳಿದ. ಆ ಸೀಟಿನಲ್ಲಿ ಫೋಮು ಬಿಟ್ಟರೆ ಏನೂ ಇರಲಿಲ್ಲ. ಆದರೆ ಅಂಗಡಿಯ ಅಟ್ಟದ ಮೇಲೆ ಇನ್ನೊಂದು ಬಾಂಬಿಗೆ ಬೇಕಾದ ಸಾಮಾನೆಲ್ಲ ಸಿಕ್ಕಿತು. ಮಾರನೆಯ ದಿನ ಅಮ್ಮನ ಕಣ್ಣಿನ ಪಟ್ಟಿ ಬಿಚ್ಚಿದರು. ಅವಳು ಹೊಸ ಕಣ್ಣಿನಿಂದ ಮೊದಲು ನೋಡಿದ್ದು, ವಾರ್ಡಿನ ಗೋಡೆಯ ಟೀವಿಯಲ್ಲಿ ತಲೆಗೆ ಮುಸುಕು ಹಾಕಿಸಿಕೊಂಡು ಜೀಪು ಹತ್ತುತ್ತಿದ್ದ ಮಗನನ್ನು.

ನೆಗಡಿಯ ಅಧಿಕಾರಿ ಕೊಟ್ಟ ಮಾತು ಉಳಿಸಿಕೊಂಡ. ತೊಂದರೆ ಶುರುವಾದದ್ದೇ ಅಲ್ಲಿಂದ. ಮೊಳೆ ಸಿಕ್ಕುವ ಹಿಂದಿನ ದಿನ ಪೊಲೀಸರು ಹಳೇ ಗೆಳೆಯರನ್ನೆಲ್ಲ ಎಂದಿನಂತೆ ಠಾಣೆಗೆ ಕರೆಸಿ ವಿಚಾರಿಸಿದ್ದರು. ಎಲ್ಲರಿಗಿಂತ ಬೇಗ ಬಿಟ್ಟದ್ದು ಗಿಡ್ಡನನ್ನು, ಅವನಿಗೆ ಜ್ವರವಿತ್ತು ಎಂಬ ಕಾರಣಕ್ಕೆ. ಅಮ್ಮ ಕೂಡಿಸಿ ಕಳೆದು ಲೆಕ್ಕ ಮುಗಿಸಿದಳು: ಒಳಗೆ ಹೋದ, ಬಾಯಿಬಿಟ್ಟ, ಬೇಗ ಈಚೆ ಬಂದ. ಅಕ್ಕ, "ಅವನಿಗೇನು ಗೊತ್ತಿತ್ತಮ್ಮ, ಹೇಳೋದಕ್ಕೆ?" ಎಂದರೆ, "ನಿನಗೆ ತಿಳಿಯಲ್ಲ, ಸುಮ್ನಿರು. ಎರಡು ಸಲ ಹೋಗಿ ಬಿಟ್ಟುಬಂದವನು ಅವನು. ಆವತ್ತೇ ಗೊತ್ತಾಗಬೇಕಿತ್ತು," ಎನ್ನುತ್ತಿದ್ದಳು. ಜೈಲಿನ ಮೊದಲ ಭೇಟಿಯಲ್ಲೇ ಅದನ್ನು ಮಗನ ಕಿವಿಗೂ ಹಾಕಿದಳು.

ಮೊಕದ್ದಮೆ ನಡೆದಷ್ಟು ದಿನ ಗಿಡ್ಡ ಒಂದಲ್ಲ ಒಂದು ಅನುಭವಿಸಿದ. ಅಂಗಡಿಯ ಬಾಗಿಲಿಗೆ ಹೊಲಸು ಬಳಿದರು. ಯಾರೋ ಮುಸುಕಿನವರು ಕಾಲು ಮುರಿದರು, ಅದು ಸೊಟ್ಟಗೆ ಕೂಡಿಕೊಂಡಿತು. ಹೆಂಡತಿ ತವರಿಗೆ ಹೋದವಳು ಬರಲಿಲ್ಲ. ಅವನು ಕಾಲು ಮುರಿದು ಮಲಗಿದ್ದಾಗ ಅಕ್ಕ ದಿನಾ ಆಸ್ಪತ್ರೆಗೆ ಬ್ರೆಡ್ಡು, ಹಾಲು ತೆಗೆದುಕೊಂಡು ಹೋಗಿ ಮಂಚದ ಪಕ್ಕ ಕೂರುತ್ತಿದ್ದಳು. ಹೇಳಿಬಿಡೋಣ ಎಂದು ಬಾಯಿ ತೆರೆದವಳು ಬ್ರೆಡ್ಡು ಮುರಿದು ಅವನ ಕೈಗೆ ಕೊಡುತ್ತಿದ್ದಳು. ಹೇಳಿದರೆ ಅಮ್ಮ ತನ್ನನ್ನು ಬಿಟ್ಟು ಹೋಗುತ್ತಾಳೆ. ಇರುವವಳು ಅವಳೊಬ್ಬಳು. ಹೇಡಿತನಕ್ಕೆ ಬೇರೆ ಹೆಸರಿಡುವುದು ಅಕ್ಕನಿಗೆ ಬರುತ್ತಿರಲಿಲ್ಲ; ತಾನು ಹೇಡಿ ಎಂದು ತನ್ನಷ್ಟಕ್ಕೆ ಒಪ್ಪಿಕೊಂಡು, ಖಾಲಿ ಹಾಲಿನ ಪಾತ್ರೆ ಹಿಡಿದು ಮನೆಗೆ ಬರುತ್ತಿದ್ದಳು.

ತೀರ್ಪಿನ ದಿನ ಕೋರ್ಟಿನ ಮೊಗಸಾಲೆಯಲ್ಲಿ ಅವಳ ಪಕ್ಕ ಒಬ್ಬ ಮೇಷ್ಟ್ರು ಕೂತಿದ್ದರು. ಮಾರುಕಟ್ಟೆಯ ಬಾಂಬಿನಲ್ಲಿ ಒಂದು ತೋಳು ಕಳೆದುಕೊಂಡವರು. ನೀರಿನ ಬಾಟಲಿಯನ್ನು ಮಂಡಿಗಳ ನಡುವೆ ಒತ್ತಿ ಹಿಡಿದು ಒಂದೇ ಕೈಯಲ್ಲಿ ಮುಚ್ಚಳದ ಜೊತೆ ಒದ್ದಾಡುತ್ತಿದ್ದರು. ಅಕ್ಕ ಬಿಚ್ಚಿಕೊಟ್ಟಳು. "ನಿಮ್ಮ ಕಡೆಯವರು ಯಾರು ಹೋದ್ರಮ್ಮ?" ಎಂದು ಅವರು ಮೆತ್ತಗೆ ಕೇಳಿದರು. "ತಮ್ಮ," ಎಂದುಬಿಟ್ಟಳು ಅಕ್ಕ. ಅವರು, "ಅಯ್ಯೋ ಪಾಪ," ಎಂದು ಅವಳ ಕೈ ಮುಟ್ಟಿದರು. ನಾಚಿಕೆಯಿಂದ ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಒಳಗೆ ನ್ಯಾಯಾಧೀಶರು ಮೊಳೆಗೆ ಸಾಯುವ ತನಕ ಜೈಲು ಎಂದು ಓದಿದರು. ಅವನು ಮಾತಾಡಲು ಅವಕಾಶ ಕೇಳಿದ, ಕೊಡಲಿಲ್ಲ.

ಗಿಡ್ಡನ ಅಂಗಡಿಗೆ ಬೆಂಕಿ ಬಿದ್ದದ್ದು ಆ ತೀರ್ಪಿನ ಮರುವಾರ. ಸುಲಿದ ಕೈ ಕಂಡ ಮೇಲೆ ಅಕ್ಕನಿಗೆ ತಡೆಯಲಾಗಲಿಲ್ಲ. ನೆಟ್ಟಗೆ ಅಧಿಕಾರಿಯ ಕಚೇರಿಗೆ ಹೋಗಿ, "ಗಿಡ್ಡ ಹೇಳಿದ್ದಲ್ಲ ಅಂತ ನೀವಾದ್ರೂ ಒಂದು ಮಾತು ಬಾಯಿಬಿಟ್ಟು ಹೇಳಿ ಸ್ವಾಮಿ," ಎಂದಳು.

ಅವನು ಕರವಸ್ತ್ರದಲ್ಲಿ ಮೂಗೊರೆಸಿಕೊಂಡ. "ಹೇಳ್ತೀನಮ್ಮ. ಗಿಡ್ಡ ಅಲ್ಲ ಅಂದ ತಕ್ಷಣ ಮತ್ಯಾರು ಅಂತ ಕೇಳ್ತಾರೆ. ಆವಾಗ ಏನು ಹೇಳ್ಲಿ?"

ಅಕ್ಕ ಎದ್ದು ಹೊರಬಂದಳು. ಮೊಳೆಗೇ ಹೇಳುವುದು ಎಂದು ದಾರಿಯಲ್ಲಿ ತೀರ್ಮಾನ ಮಾಡಿದಳು. ಬೆಂಕಿ ಇಟ್ಟವರು ಪ್ರೆಸ್ಸಿನ ಮಹಡಿಯ ಅವನ ಕಡೆಯವರೇ ಇರಬೇಕು, ಅವನು ಬೇಡ ಎಂದರೆ ನಿಲ್ಲಿಸುತ್ತಾರೆ. ಎಷ್ಟಾದರೂ ತಾನು ಎತ್ತಿ ಆಡಿಸಿದವನು, ಬೈದರೆ ಬೈದುಕೊಳ್ಳಲಿ, ಅಮ್ಮನ ತನಕ ಹೋಗದಂತೆ ನೋಡಿಕೊಳ್ಳುತ್ತಾನೆ ಎಂಬ ಆಸೆಯೂ ಇತ್ತು.

ಜೈಲಿನ ಭೇಟಿಯ ಕೋಣೆ ಉದ್ದಕ್ಕಿತ್ತು. ನಡುವೆ ಎರಡು ಪದರದ ಕಬ್ಬಿಣದ ಜಾಲರಿ. ಈಚೆಗೆ ಸಂಸಾರಗಳು, ಆಚೆಗೆ ಕೈದಿಗಳು, ಎಲ್ಲರೂ ಒಟ್ಟಿಗೆ ಕೂಗಿ ಮಾತಾಡುತ್ತಿದ್ದುದರಿಂದ ಯಾರಿಗೂ ಯಾರದೂ ಕೇಳಿಸುತ್ತಿರಲಿಲ್ಲ. ಅಮ್ಮ ಬಟ್ಟೆಯ ಗಂಟನ್ನು ತಪಾಸಣೆಗೆ ಕೊಡಲು ಬಾಗಿಲ ಬಳಿ ಸಾಲಿನಲ್ಲಿ ನಿಂತಿದ್ದಳು. ಅಷ್ಟೇ ಹೊತ್ತು ಅಕ್ಕನಿಗೆ ಸಿಕ್ಕಿದ್ದು.

"ಗಿಡ್ಡನ ಅಂಗಡಿ ಸುಟ್ರು ಕಣೋ," ಎಂದಳು.

"ಕೇಳಿದೆ. ಅಂಗಡಿ ಒಳಗೆ ಅವನಿರೋವಾಗಲೇ ಹಚ್ಚಬೇಕು ಅಂತ ಇತ್ತು. ಹಿಂದೆ ಕಿಟಕಿ ಇರೋದು ಅವರಿಗೆ ಗೊತ್ತಿರಲಿಲ್ಲ." ಮಳೆ ಬಂತು, ಛತ್ರಿ ತರಲಿಲ್ಲ ಎನ್ನುವಷ್ಟು ಸಲೀಸಾಗಿ ಹೇಳಿದ.

ಅಕ್ಕ ಜಾಲರಿಗೆ ಬಾಯಿ ಹಚ್ಚಿದಳು. "ಅವನು ಹೇಳಿದ್ದಲ್ಲ. ನಾನು ಹೇಳಿದ್ದು."

ಮೊಳೆ ರೆಪ್ಪೆ ಮಿಟುಕಿಸಲಿಲ್ಲ. "ಗೊತ್ತು," ಎಂದ.

"ಏನು ಗೊತ್ತು?"

"ಆವತ್ತು ಹಣ್ಣಿನ ಗಾಡಿ ಹಿಂದೆ ನಿಂತಿದ್ದೆಯಲ್ಲ. ನನ್ನ ಅಕ್ಕನ್ನ ನಾನು ಗುರುತು ಹಿಡಿಯಲ್ವಾ? ಊಟ ತಗೊಂಡು ಬರ್ತಾಳೆ ಅನ್ಕೊಂಡೆ. ಅದಕ್ಕೇ ಓಡಿಹೋಗದೆ ಕೂತಿದ್ದೆ." ಸ್ವಲ್ಪ ಹೊತ್ತು ಅವನ ದನಿಯಲ್ಲಿ ಚಿಕ್ಕಂದಿನ ತಮ್ಮ ಇದ್ದ.

"ಹಾಗಿದ್ರೆ ಗಿಡ್ಡನ ಹೆಸರು ಯಾಕೋ ಹೇಳಿದೆ?"

"ಹೊರಗಿರೋರು ಕೇಳಿದ್ರು. ಯಾರದಾದ್ರೂ ಒಂದು ಹೆಸರು ಕೊಡಲೇಬೇಕಿತ್ತು. ಅಮ್ಮ ಬಂದಾಗೆಲ್ಲ ಗಿಡ್ಡ ಗಿಡ್ಡ ಅಂತಿದ್ಲು. ಆಗಲಿ, ಅವನೇ ಇರಲಿ ಅಂದೆ. ನಿನ್ನ ಹೆಸರು ಹೇಳಿದ್ದಿದ್ರೆ ನೀನು ಇವತ್ತು ಇಲ್ಲಿ ನಿಂತಿರ್ತಿದ್ಯಾ? ನಿನ್ನ ಜೀವ ಉಳಿಸಿದೀನಿ ನಾನು. ತೆಪ್ಪಗೆ ಮನೆಗೆ ಹೋಗು. ಗಿಡ್ಡಂದು ಇನ್ನೇನು ಮುಗೀತು, ಮುಂದಿನ ಸಲ ಕಿಟಕಿ ನೋಡ್ಕೊಂಡೇ ಬರ್ತಾರೆ. ಆಮೇಲೆ ಯಾರೂ ಕೇಳಲ್ಲ."

ಉಪಕಾರ ಮಾಡಿದವನ ಮುಖ ಮಾಡಿಕೊಂಡು ಅವಳನ್ನೇ ನೋಡಿದ. ಆ ಮುಖದಲ್ಲಿ ಪ್ರೀತಿಯೂ ಇತ್ತು, ಅದೇ ಅಸಹ್ಯ. ಸೀಟಿನಲ್ಲಿ ಯಾರು ಬಂದು ಕೂರುತ್ತಾರೆ ಎಂದು ಒಂದು ಗಳಿಗೆ ಯೋಚಿಸದೆ ಮುಚ್ಚಿ ಕಳಿಸಿದವನು, ಈಗ ಗಿಡ್ಡನನ್ನು ತಂದು ಅಕ್ಕನ ಜಾಗದಲ್ಲಿ ಕೂರಿಸಿದ್ದ. ಇಷ್ಟು ದಿನ ಗಿಡ್ಡ ತಿಂದ ಏಟೆಲ್ಲ ತನ್ನ ಪಾಲಿನದು ಎಂದು ಅಕ್ಕನಿಗೆ ಮನಸ್ಸಿನಲ್ಲಿ ಮೊದಲೇ ಇತ್ತು. ಅದು ತನಗಾಗಿಯೇ ಕೊಡಿಸಿದ ಏಟು ಎಂಬುದು ಈಗ ಗೊತ್ತಾಯಿತು.

ಅಷ್ಟರಲ್ಲಿ ಅಮ್ಮ ಬಂದು ಅವಳ ಪಕ್ಕ ನಿಂತಳು. ಜಾಲರಿಗೆ ಬೆರಳು ತೂರಿಸಲು ನೋಡಿ, ಆಗದೆ, ಅಂಗೈಯನ್ನೇ ಒತ್ತಿ ಹಿಡಿದಳು. "ಸೊರಗಿದೀಯ ಕಂದಾ," ಎಂದಳು. ಮೊಳೆಯ ಮುಖ ತಟಕ್ಕನೆ ಮಗುವಿನದಾಯಿತು. "ಆ ಗಿಡ್ಡಂಗೆ ಕೈ ಸುಟ್ಟುಹೋಗಿದೆ ಕಣೋ. ದೇವರು ಇದಾನೆ," ಎಂದಳು ಅಮ್ಮ.

ಅಕ್ಕ ಅಮ್ಮನ ಅಂಗೈಯನ್ನು ನೋಡಿದಳು, ಅಲ್ಲಿ ಜಾಲರಿಯ ಗೆರೆಗಳು ಮೂಡಿದ್ದವು. ಆಮೇಲೆ ಪಕ್ಕದಲ್ಲಿದ್ದ ಸ್ಟೂಲು ಎಳೆದು ಅದರ ಮೇಲೆ ಹತ್ತಿ ನಿಂತಳು. ಅವಳಿಗೆ ಕೂಗಿ ಅಭ್ಯಾಸವಿರಲಿಲ್ಲ, ಮೊದಲ ಮಾತು ಗಂಟಲಲ್ಲೇ ಒಡೆಯಿತು. ಎರಡನೆಯದು ಇಡೀ ಕೋಣೆಗೆ ಕೇಳಿಸಿತು.

"ಕೇಳಿ ಎಲ್ಲಾರೂ! ಈ ಮೊಳೆ ಇದಾನಲ್ಲ, ಇವನನ್ನ ಪೊಲೀಸರಿಗೆ ಹಿಡಿದುಕೊಟ್ಟಿದ್ದು ನಾನು. ಇವನ ಒಡಹುಟ್ಟಿದ ಅಕ್ಕ. ಫೋನ್ ಮಾಡಿದ್ದು ನಾನು. ಗಿಡ್ಡನಿಗೆ ಏನೇನೂ ಗೊತ್ತಿರಲಿಲ್ಲ. ಹೋಗಿ ಹೇಳಿ ನಿಮ್ಮ ಯಜಮಾನರಿಗೆ. ಏನು ಮಾಡೋದಿದ್ರೂ ನನ್ನ ಬಾಗಿಲಿಗೆ ಬನ್ನಿ ಅಂತ ಹೇಳಿ!"

ಗದ್ದಲವೆಲ್ಲ ನಿಂತುಹೋಯಿತು. ಕಾವಲಿನವನು, "ಏಯ್, ಇಳಿಯಮ್ಮ ಕೆಳಗೆ," ಎಂದು ಓಡಿಬಂದ. ಆಚೆಯ ಸಾಲಿನಲ್ಲಿ ಮೊಳೆಯ ಕಡೆಯವರು ಇಬ್ಬರು ಮೂವರು ಕತ್ತು ತಿರುಗಿಸಿ ಅವನನ್ನು ನೋಡಿದರು. ಅಷ್ಟು ದಿನ ಅವರಿಗೆ ಸುಳ್ಳು ಹೇಳಿದ್ದ ಮೊಳೆ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಕೇಳಲು ಇಡೀ ಕೋಣೆ ಸುಮ್ಮನಿದ್ದಾಗ ಅವನಿಗೆ ಮಾತು ಹೊರಡಲಿಲ್ಲ. ಅಮ್ಮ ಜಾಲರಿಯಿಂದ ಕೈ ತೆಗೆದಿರಲಿಲ್ಲ. ಮಗಳ ಕಡೆ ತಿರುಗಿಯೂ ನೋಡಲಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ಬೇರೆ ಸೀಟಿಗೆ ಹೋಗಿ ಕೂತಳು.

ಸುದ್ದಿ ಅವರಿಗಿಂತ ಮೊದಲೇ ಬೀದಿಗೆ ಬಂದಿತ್ತು. ಆಮೇಲೆ ಗಿಡ್ಡನ ಬಾಗಿಲಿಗೆ ಯಾರೂ ಹೋಗಲಿಲ್ಲ, ಕಲ್ಲುಗಳೆಲ್ಲ ಅಕ್ಕನ ಅಂಗಡಿಯ ಕಡೆ ತಿರುಗಿದವು. ಪೊಲೀಸರು ಒಬ್ಬ ಪೇದೆಯನ್ನು ಕೂರಿಸಿದರು. ಅವನು ಊಟಕ್ಕೆ ಹೋದಾಗ ಕಲ್ಲು ಬೀಳುತ್ತಿತ್ತು. ರಿಪೇರಿಗೆ ಒಂದು ಸ್ಟೂಲೂ ಬರಲಿಲ್ಲ. ಒಂದು ದಿನ ಗಿಡ್ಡ ಕುಂಟುತ್ತ ಬಂದ, ಕೈಗೆ ಪಟ್ಟಿ, ಮೆಟ್ಟಿಲು ಹತ್ತಲಿಲ್ಲ.

"ಬ್ರೆಡ್ಡು ತಂದು ಪಕ್ಕದಲ್ಲಿ ಕೂರ್ತಿದ್ರಲ್ಲ ಅಕ್ಕ," ಎಂದ. "ಆವಾಗ ನಿಮಗೆ ಏನೂ ಅನ್ನಿಸ್ತಿರಲಿಲ್ವಾ?"

"ಅನ್ನಿಸ್ತಿತ್ತು. ಬಾಯಿ ಬರಲಿಲ್ಲ. ತಪ್ಪಾಯ್ತು ಗಿಡ್ಡ."

ಅವನು ಆಯಿತೆಂದೂ ಅನ್ನದೆ ಇಲ್ಲವೆಂದೂ ಅನ್ನದೆ ಹೊರಟುಹೋದ. ಅವನು ಕುಂಟುತ್ತ ಬೀದಿಯ ತುದಿ ದಾಟುವ ತನಕ ಅಕ್ಕ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಬದುಕಿದ್ದಾನಲ್ಲ ಎಂದೂ ಅನ್ನಿಸಿತು.

ಅಮ್ಮ ಮನೆ ಬಿಟ್ಟು ಹೋಗಲಿಲ್ಲ, ಹೋಗಲು ಜಾಗವೂ ಇರಲಿಲ್ಲ. ಇಟ್ಟ ತಟ್ಟೆಯಲ್ಲಿ ಉಣ್ಣುತ್ತಿದ್ದಳು, ಕೊಟ್ಟ ಮಾತ್ರೆ ನುಂಗುತ್ತಿದ್ದಳು, ಮಾತಿಲ್ಲ ಕತೆಯಿಲ್ಲ. ಅವಳು ಹಿಡಿಶಾಪ ಹಾಕಲಿ, ಕೂದಲು ಹಿಡಿದು ಜಗ್ಗಲಿ ಎಂದು ಅಕ್ಕ ಕಾದಳು. ಅದೂ ಆಗಲಿಲ್ಲ. ಒಂದು ಮಧ್ಯಾಹ್ನ ಮುಂದಿನ ಗಾಜು ಪೂರ್ತಿ ಪುಡಿಯಾಗಿ ಬಿತ್ತು. ಅಕ್ಕ ಗುಡಿಸುತ್ತಿರುವಾಗ ಅಮ್ಮ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು.

"ಅವನು ಸಿಕ್ಕಿದ್ದು ನನ್ನ ಆಪರೇಷನ್ ಆದ ದಿನ ಅಲ್ವಾ?"

"ಹೌದಮ್ಮ."

"ಆಸ್ಪತ್ರೆಯಿಂದ ಎಷ್ಟು ದೂರದಲ್ಲಿದ್ದ?"

"ಹಿಂದಿನ ಬೀದಿ."

ಅಕ್ಕ ಪೊರಕೆ ಕೆಳಗಿಟ್ಟು ಎದ್ದು ನಿಂತಳು.

"ಯಾಕೆ ಹೇಳಿದೆ ಅಂತ ಕೇಳಲ್ಲ," ಎಂದಳು ಅಮ್ಮ. "ಆ ಬಸ್ಸಲ್ಲಿ ಅಜ್ಜಿ ಮೊಮ್ಮಗಳು ಹೋದ್ರಲ್ಲ, ನಾನೂ ಟೀವೀಲಿ ನೋಡಿದ್ದೆ ಆವಾಗ. ಹೇಳಿದ್ದು ಸರಿಯೇ ಇರಬಹುದು. ಆದ್ರೆ ಮಾರನೇ ದಿನ ನನಗೆ ಕಣ್ಣು ಬರ್ತಿತ್ತಲ್ಲೇ. ಒಂದೇ ಒಂದು ದಿನ ತಡೆದು, ನನ್ನ ಕೈ ಹಿಡ್ಕೊಂಡು ಹೋಗಿ, ದೂರದಿಂದ್ಲೇ ಒಂದ್ಸಲ ತೋರಿಸಿ, ಆಮೇಲೆ ಫೋನ್ ಮಾಡಬಾರದಿತ್ತಾ? ಇನ್ನು ಸಾಯೋ ತನಕ ಜಾಲರಿಯೊಳಗೇ ನೋಡ್ಬೇಕಲ್ಲೇ ನಾನು."

ಅಕ್ಕ ಏನೋ ಹೇಳಲು ಹೋದಳು. ಸೀಟಿನ ಮಾತು ಎತ್ತಬಹುದಿತ್ತು, ಒಂದು ದಿನ ಕಾಯುವ ಹಾಗಿರಲಿಲ್ಲ ಎನ್ನಬಹುದಿತ್ತು, ಅದು ಸುಳ್ಳೂ ಅಲ್ಲ. ಆದರೆ ಫೋನ್ ಮಾಡುವಾಗ ಅಮ್ಮನಿಗೆ ಅವನನ್ನು ಒಮ್ಮೆ ತೋರಿಸಬೇಕು ಎನ್ನುವುದು ಅವಳಿಗೆ ಹೊಳೆದೇ ಇರಲಿಲ್ಲ.